ಕಲ್ದಾರ ಸೀಮೆಯ ಒಲೆ

ರೊಟ್ಟಿಯ ಅಂಚು ಬಿರಿಯಿತು, ಎಸರು ಇನ್ನಷ್ಟು ಕಾಯಬೇಕಿತ್ತೇನೋ, ಇಲ್ಲ ಹಿಟ್ಟೇ ಹಳತು, ಬೀಸಿ ವಾರವಾಯಿತಲ್ಲ, ಜೋಳದ ಹಿಟ್ಟು ಹಳತಾದರೆ ಜಿಗಿ ಬಿಡುತ್ತದೆ — ಪಂಪಾವತಿ ಬಿರಿದ ಅಂಚನ್ನು ಒದ್ದೆ ಬೆರಳಿನಿಂದ ಒತ್ತಿ ಕೂಡಿಸಿ ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು, ಚುಂಯ್ ಎಂದ ಸದ್ದು ಇಳಿಯುವುದರೊಳಗೆ ಪಡಸಾಲೆಯಿಂದ ಮಾವ ಕರಿಬಸಪ್ಪನ ದನಿ, ಒಂದು ಹೊಟ್ಟಿಗೆ ತಿಂಗಳಾ ಹದಿನಾಕು ಕಲ್ದಾರಾ, ಏನು ಬಂಗಾರ ನೀಡ್ತಾರೇನು ಆ ಖಾನಾವಳ್ಯಾಗ, ಅದಕ್ಕೆ ಗಂಡ ಈಶಪ್ಪನ ದನಿ, ಮೆಲ್ಲಗೆ, ಯುದ್ಧ ನಡದೈತಲ್ಲಪಾ, ಅಕ್ಕಿ ಸಿಗವಲ್ದು, ಎಣ್ಣಿ ತುಟ್ಟಿ, ಈ ಜೂನಿನಿಂದ ಹತ್ತರದು ಹದಿನಾಕು ಅಂತ ಸೂಟಿ ಬಿಡೋವಾಗನ ಹೇಳ್ಯಾರ. ಸೂಟಿ ಬಿಡುವಾಗಲೇ ಹೇಳಿದ್ದಾರೆ, ಅಂದರೆ ಇಡೀ ಬೇಸಿಗೆ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾನೆ, ಮಾವಿನಹಣ್ಣು ತಿಂದಿದ್ದಾನೆ, ಮಾಳಿಗೆಯ ಮೇಲೆ ಮಲಗಿ ಧಾರವಾಡದ ಮಳೆಯ ಸುದ್ದಿ ಹೇಳಿದ್ದಾನೆ, ಈಗ ಕಾಲೇಜು ತೆರೆಯುವ ಹೊತ್ತಿಗೆ ಬಾಯಿ ಬಿಟ್ಟಿದ್ದಾನೆ, ಆತನ ಸ್ವಭಾವವೇ ಅಷ್ಟು, ಬೇಕು ಎನ್ನುವುದನ್ನು ಕೊನೆಗೆ ಇಡುತ್ತಾನೆ. ರೊಟ್ಟಿ ತಿರುವಿದಳು. ಧಾರವಾಡವೆಂದರೆ ಏನು ದೂರ, ಕೊಪ್ಪಳದಲ್ಲಿ ರೈಲು ಹತ್ತಿದರೆ ಒಂದು ಹಗಲಿನ ದಾರಿ, ಆದರೆ ಅದು ಪರರಾಜ್ಯ, ಇಲ್ಲಿ ನಿಜಾಮ, ಅಲ್ಲಿ ಇಂಗ್ರೇಜಿಯವರು, ನಡುವೆ ಸುಂಕದ ನಾಕಾ, ಮಾತು ಒಂದೇ, ಸೋಬಾನದ ಹಾಡೂ ಒಂದೇ, ರೂಪಾಯಿ ಮಾತ್ರ ಬೇರೆ, ತಮ್ಮೂರು ಅಳವಂಡಿಯಲ್ಲಿ ನಡೆಯುವ ನಿಜಾಮನ ಹಾಲಿ ರೂಪಾಯಿ ಅಲ್ಲಿ ನಡೆಯುವುದಿಲ್ಲ, ಅಲ್ಲಿ ಇಂಗ್ರೇಜಿಯವರ ಕಲ್ದಾರ, ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಅದರಲ್ಲೂ ಕೊಪ್ಪಳದ ಸರಾಫ ತನ್ನ ವಟ್ಟ ಮುರಿದುಕೊಂಡೇ ಕೊಡುತ್ತಾನೆ. ಮಾವ ತಿಂಗಳಿಗೆ ಇಪ್ಪತ್ತೆಂಟು ಎಣಿಸಿ ಕೊಟ್ಟರೆ ಗಂಡನ ಕೈಯಲ್ಲಿ ಇಪ್ಪತ್ನಾಲ್ಕೂ ತುಂಬುವುದಿಲ್ಲ, ಖೋಲಿ, ಫೀ, ಚಿಮಣಿ ಎಣ್ಣೆ, ಬಟ್ಟೆ ಒಗೆಯುವ ಸಾಬೂನು, ಎಲ್ಲ ಅದರಲ್ಲೇ. ಇಪ್ಪತ್ತೆಂಟರ ಮ್ಯಾಲ ಒಂದು ದುಡ್ಡು ಏರಸಾಕ ಆಗಂಗಿಲ್ಲ ತಮ್ಮಾ, ಮಾವ ಹೇಳುತ್ತಿದ್ದ, ಜಪಾನದವರು ಯುದ್ಧಕ್ಕ ನಿಂತಾಗಿಂದ ನಮ್ಮ ಹತ್ತಿ ಕೇಳವ್ರಿಲ್ಲ, ಅಂಡಿಗಿ ಕಟ್ಟಿದ್ದು ಕಟ್ಟಿದಂಗ ಐತಿ, ಇದೊಂದು ವರ್ಷ ಬಿಟ್ಟು ಮುಂದ ಓದಿದ್ರ ಆಗಂಗಿಲ್ಲೇನು. ಬಿಟ್ರ ಬಿಟ್ಟಂಗಪಾ ಅದು, ಎಂದ ಈಶಪ್ಪ, ತುಸು ತಡೆದು, ನಾ ಒಪ್ಪತ್ತು ಉಣ್ಣತೀನಿ, ಒಪ್ಪತ್ತಿಂದು ಎಂಟಕ್ಕ ಕೊಡ್ತಾರ.

ಒಪ್ಪತ್ತು — ಪಂಪಾವತಿಯ ಕೈ ಹಿಟ್ಟಿನ ಮೇಲೆ ನಿಂತಿತು, ಆಹಾ, ಅದಕ್ಕೇ ಹಾಗೆ, ರಜೆಗೆ ಬಂದ ಹೊಸದರಲ್ಲಿ ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತು ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದ, ಸಂಜೆ ಮಾತ್ರ ಹಸಿದು ಬಂದು ಉಣ್ಣುತ್ತಿದ್ದ, ಅತ್ತೆ ಪಿತ್ತ ಆಗೈತಿ ಎಂದು ಜೀರಿಗೆ ಕಷಾಯ ಕಾಸಿ ಕೊಟ್ಟಿದ್ದಳು, ಪಿತ್ತವಲ್ಲ ಏನಲ್ಲ, ಹೊಟ್ಟೆ ಮಧ್ಯಾಹ್ನದ ಊಟ ಮರೆತಿತ್ತು, ಅಂದರೆ ಅಲ್ಲಿ ಆಗಲೇ ಒಪ್ಪತ್ತು ನಡೆಸಿದ್ದಾನೆ, ಉಳಿದ ದುಡ್ಡಿನಲ್ಲಿ ಯಾವುದೋ ಪುಸ್ತಕ ಕೊಂಡಿರಬೇಕು, ಕೇಳಿದರೆ ಹೇಳುವವನಲ್ಲ. ಹಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಇದು ತನಗೆ, ಮತ್ತು ಆಗ, ಸೀದ ರೊಟ್ಟಿಯನ್ನು ನೋಡುತ್ತ, ಲೆಕ್ಕ ತಾನಾಗಿ ಶುರುವಾಯಿತು, ತಟ್ಟೆಯ ಊಟ ಕಲ್ದಾರದಲ್ಲಿ ಕೊಳ್ಳುವುದು ಯಾಕೆ, ಜೋಳ ಕಲ್ದಾರದ್ದಲ್ಲ, ಜೋಳ ನೆಲದೊಳಗಿನ ಹಗೆಯಲ್ಲಿ ತುಂಬಿದೆ, ತೊಗರಿ ಇದೆ, ಖಾರಪುಡಿ ಇದೆ, ಶೇಂಗಾ ಎಣ್ಣೆ ಡಬ್ಬಿಗಟ್ಟಲೆ ಇದೆ, ಒಂದು ಚೀಲ ಜೋಳ ಇಬ್ಬರಿಗೆ ಹೆಚ್ಚುಕಡಿಮೆ ದಸರೆಯ ತನಕ, ನಾಕಾದವರು ಚೀಲ ಬಿಚ್ಚಿಸಿ ಸುಂಕ ಕೇಳುತ್ತಾರೆ, ಕೇಳಲಿ, ಅದು ಒಂದೇ ಸಲ. ಅಲ್ಲಿ ಕೊಳ್ಳಬೇಕಾದದ್ದು ಹಾಲು, ಕಾಯಿಪಲ್ಯ, ಸೌದೆ. ಹಿತ್ತಿಲ ಗೋಡೆಯಾಚೆಯ ಮೈಮುನಬಿ ಗಂಡನ ರೈಲ್ವೆ ಕೆಲಸದ ದೆಸೆಯಿಂದ ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿ ಬಂದವಳು, ಅಲ್ಲಿ ಕಟ್ಟಿಗಿನೂ ತಕ್ಕಡ್ಯಾಗ ಹಾಕಿ ತೂಗಿ ಕೊಡ್ತಾರವಾ, ಬೆಲ್ಲ ತೂಗಿದಂಗ, ಎಂದು ಹೇಳಿ ನಕ್ಕಿದ್ದಳು, ಸೌದೆಗೆ ಇಷ್ಟು, ಹಾಲಿಗೆ ಇಷ್ಟು, ಒಲೆ ಹೂಡುವಂಥ ಖೋಲಿಗೆ ಈಗಿನ ಬಾಡಿಗೆಗಿಂತ ಎರಡು ರೂಪಾಯಿ ಹೆಚ್ಚು ಎಂದೇ ಇಟ್ಟುಕೊಂಡರೂ ಒಂಬತ್ತು ದಾಟುವುದಿಲ್ಲ, ಎರಡು ಹೊತ್ತು ಉಂಡು ಒಂಬತ್ತು. ಉಳಿದದ್ದು ಒಂದೇ, ರೊಟ್ಟಿ ಬಡಿಯುವ ಕೈ. ಆ ಕೈ ಯಾರದೆಂದು ಹೇಳಬೇಕಾದ ಮಾತೇ ಅಲ್ಲ, ಮದುವೆಯಾಗಿ ಮೂರು ವರ್ಷ, ಸೂಟಿ ಸೂಟಿಗೆ ಕೂಡಿಸಿದರೆ ಗಂಡನೊಡನೆ ಇದ್ದದ್ದು ಒಂದು ಬೆಳೆ ಬರುವಷ್ಟು ಕಾಲವೂ ಇಲ್ಲ — ಆದರೆ ಅದು ಲೆಕ್ಕದ ಮಾತಲ್ಲ, ಅದನ್ನು ಬಾಯಿಗೆ ತರುವುದು ಹೇಗೆ, ಲೆಕ್ಕವನ್ನಾದರೆ ಹೇಳಬಹುದು.

ಅತ್ತೆ ಮುದುಕಮ್ಮ ಮೊಸರಿನ ಗಡಿಗೆ ಇಳಿಸಲು ಒಳಗೆ ಬಂದಳು. ಪಂಪಾವತಿ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಹೇಳಿದಳು, ಅತ್ತಿ, ಅವರಿಗೆ ಇಲ್ಲಿಂದ ಜ್ವಾಳ ಕೊಟ್ಟು ಕಳಿಸಿದ್ರ ಹೆಂಗ್ರಿ, ಮನಿಯಿಂದ ಒಬ್ಬರು ಹೋಗಿ ಮಾಡಿ ಹಾಕಿದ್ರ ಒಂಬತ್ರಾಗ ಎರಡೂ ಹೊತ್ತಿಂದು ನಡೀತೈತ್ರಿ, ಎಂದು ಹಾಲು, ಸೌದೆ, ಖೋಲಿ, ಒಂದೊಂದನ್ನೂ ಬಿಡಿಸಿ ಇಟ್ಟಳು, ಅತ್ತೆ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ನಿಂತೇ ಕೇಳಿದಳು, ಇನ್ನೊಮ್ಮೆ ಹೇಳು ಎಂದಳು, ಪಂಪಾವತಿ ಮತ್ತೆ ಹೇಳಿದಳು, ಅತ್ತೆ ಗಡಿಗೆ ಕೆಳಗಿಟ್ಟು ಸೆರಗು ಹೊದ್ದು ಪಡಸಾಲೆಗೆ ಹೋದಳು. ಅತ್ತೆ ಒಳ್ಳೆಯವಳು, ಮರಳಿ ಎಂಬ ಗದ್ದೆಯೂರಿನ ತವರಿನಲ್ಲಿ ಅನ್ನ ಉಂಡು ಬೆಳೆದ ತನಗೆ ರೊಟ್ಟಿ ಬಡಿಯುವುದು ಗೊತ್ತಿರಲಿಲ್ಲ, ಮುರಿದವನ್ನೆಲ್ಲ ತಾನೇ ಮಜ್ಜಿಗೆಯಲ್ಲಿ ನೆನೆಸಿ ತಿಂದು, ಯಾರಿಗೂ ಹೇಳದೆ ಕಲಿಸಿದವಳು, ಅತ್ತೆ ಸರಿಯಾಗಿಯೇ ಹೇಳುತ್ತಾಳೆ. ಹೌದು, ಹೇಳುತ್ತಿದ್ದಾಳೆ, ಜೋಳ, ಸುಂಕ, ತೂಗಿದ ಸೌದೆ, ಎಲ್ಲ ಇದ್ದ ಹಾಗೆಯೇ, ಮಾವ ಹ್ಞೂಂ ಹ್ಞೂಂ ಎನ್ನುತ್ತಿದ್ದಾನೆ, ಮಾವ ಬೆರಳು ಮಡಿಚಿ ನೋಡುತ್ತಿರಬೇಕು, ನಂತರ ಮಾವ, ಛಲೋ ಐತಿ ಇದು, ಇಪ್ಪತ್ತೆಂಟರಾಗನ ಕೂಡತೈತಿ, ಆದ್ರ ಹೋಗವ್ರು ಯಾರು, ಮತ್ತೆ ಅತ್ತೆಯ ದನಿ, ಕೇಳಿದ ಕೂಡಲೇ, ತಡವಿಲ್ಲದೆ, ನಾ ಹೋಗ್ತೀನಿ.

ಒಲೆಯಲ್ಲಿ ಕಟ್ಟಿಗೆ ಜಾರಿತು. ಪಂಪಾವತಿ ಅದನ್ನು ಒಳಗೆ ತಳ್ಳಿದಳು, ಕಿಡಿ ಹಾರಿ ಮುಂಗೈಗೆ ಬಿತ್ತು, ಉರಿಯಲಿಲ್ಲ, ಇಲ್ಲ ಉರಿದದ್ದು ಆಮೇಲೆ. ನೀ ಹೋದ್ರ ಭಾಳ ಛಲೋ ಆತು, ಮಾವ ಹೇಳುತ್ತಿದ್ದ, ಹುಡುಗನ ಮ್ಯಾಲ ಕಣ್ಣೂ ಇರತೈತಿ, ಇಲ್ಲಿ ಹೆಂಗೂ ಸೊಸಿ ಅದಾಳಲ್ಲ, ಗಂಡನ ದನಿ ಬರುತ್ತದೆಂದು ಕಿವಿಯಾದಳು, ಗಂಡ ಕೆಮ್ಮಿದ, ಅಷ್ಟೇ. ಎಲ್ಲಿ ತಪ್ಪಿತು, ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿದಳು, ಜೋಳ, ತೊಗರಿ, ಹಾಲು, ಸೌದೆ, ಖೋಲಿ, ಸರಿಯೇ ಇದೆ, ಆದರೆ ಅದರಲ್ಲಿ ತಾನೆಲ್ಲಿ, ತಲೆಗೆ ಎಣ್ಣೆ ಹಿಡಿದಿಲ್ಲ, ಒಂದು ಸಾಬೂನು ಹಿಡಿದಿಲ್ಲ, ಸೀರೆ ಇಲ್ಲಿಯವೇ ಸಾಕು, ಹಾಲು ಆತನೊಬ್ಬನಿಗೇ, ತನಗೆ ಉಳಿದದ್ದು, ಸೀದದ್ದು, ತನ್ನ ಹೆಸರಿನ ಮುಂದೆ ಒಂದು ಆಣೆಯನ್ನೂ ಬರೆಯದೆ ಜಾಗವನ್ನು ಎಷ್ಟು ಬರಿದಾಗಿ ಇಟ್ಟಿದ್ದಳೆಂದರೆ ಅಲ್ಲಿ ಯಾರು ಬೇಕಾದರೂ ಹೊಂದುತ್ತಾರೆ. ಇಲ್ಲ, ಯಾರು ಬೇಕಾದರೂ ಹೊಂದುವುದಿಲ್ಲ, ಅತ್ತೆಗೆ ಹಲ್ಲಿಲ್ಲ, ರೊಟ್ಟಿ ನೆನೆಯಲು ಎರಡು ಹೊತ್ತೂ ಹಾಲು ಬೇಕು, ಮಂಡಿ ನೋವಿಗೆ ಬೆಳಗಾದರೆ ಹಂಡೆ ನೀರು ಕಾಯಬೇಕು, ತೂಗಿದ ಸೌದೆಯಲ್ಲಿ, ಮೂಗಿಗೆ ನಸಿಪುಡಿ ಬೇಕು, ಒಂಬತ್ತು ಹನ್ನೆರಡಾಗುತ್ತದೆ, ಹದಿಮೂರೂ ಆದೀತು, ಈಗ ಬಾಗಿಲಿಗೆ ಹೋಗಿ ಇಷ್ಟು ಹೇಳಿದರೆ ಸಾಕು, ಮಾವ ಲೆಕ್ಕದ ಮನುಷ್ಯ, ತಕ್ಷಣ ತಿರುಗುತ್ತಾನೆ — ಮುರಿದ ರೊಟ್ಟಿ ತಿಂದವಳ ಹಾಲನ್ನು ಅಳೆದು ಪಡಸಾಲೆಯಲ್ಲಿ ಇಡುವುದು, ಆಗಲಿಲ್ಲ, ನಾಲಿಗೆಯ ತುದಿಗೆ ಬಂದದ್ದನ್ನು ಪಂಪಾವತಿ ನುಂಗಿದಳು. ಈಶಪ್ಪ ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದ, ತಂಬಿಗೆ ಎತ್ತಿದ, ಲೆಕ್ಕ ಛಲೋ ಹಾಕಿದಿ, ಎಂದ. ನಂದಂತ ಯಾರು ಹೇಳಿದ್ರು ನಿಮಗ, ಎಂದಳು ಆಕೆ. ಅವ್ವಗ ಹಾಲಿ ಕಲ್ದಾರ ತಿಳಿಯಂಗಿಲ್ಲ. ಆಕೆ ತಲೆಯೆತ್ತಿದಳು, ತಿಳಿದೂ ಸುಮ್ಮನ ಕುಂತ್ರಿ ಎಂದು ಕೇಳಲಿಲ್ಲ, ಕೇಳದಿದ್ದರೂ ಆತನಿಗೆ ಕೇಳಿಸಿತು, ಹಿರ್ಯಾರ ಮುಂದ ಹೆಂಡ್ತಿನ ಕಳಸ್ರಿ ಅಂತ ನಾ ಹೆಂಗ ಅನ್ಲಿ, ಎಂದ, ತಂಬಿಗೆ ತುಂಬಿಯೇ ಇತ್ತು, ಕುಡಿಯದೆ ಇಟ್ಟು ಹೋದ.

ಹಿತ್ತಿಲಲ್ಲಿ ಅತ್ತೆ ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡುತ್ತಿದ್ದಾಳೆ, ಆಗಲೇ ಒಯ್ಯುವ ಬೇಳೆ, ಬೇರೆ ಮೊರದಲ್ಲಿ, ಪಂಪಾವತಿಯನ್ನು ಕಂಡು ಮುಖ ಸಣ್ಣ ಹುಡುಗಿಯ ಹಾಗೆ ಅರಳುತ್ತದೆ, ಯವ್ವಾ, ರೈಲಿನಾಗ ಕುಂತ್ರ ತಲಿ ತಿರಗತೈತೇನು, ನೀ ಒಮ್ಮೆ ಹೊಸಪೇಟಿಗೆ ಹೋಗೀಯಲ್ಲ, ನಾ ಕೊಪ್ಪಳ ದಾಟಿದಾಕಿ ಅಲ್ಲ, ಸ್ಟೇಷನ್ನಿನಾಗ ನಿಂತು ನೋಡೀನಿ ಅಷ್ಟ. ಕಿಡಿ ಬಿದ್ದ ಮುಂಗೈ ಈಗ ಉರಿಯುತ್ತಿತ್ತು, ತಲಿ ತಿರಗಂಗಿಲ್ರಿ ಅತ್ತಿ, ಎಂದಳು, ಎಂದು ಅಲ್ಲಿಯೇ ನಿಂತಳು, ಆಮೇಲೆ ಯಾವ ಲೆಕ್ಕವೂ ಇಲ್ಲದೆ ಮಾತು ಹೊರಗೆ ಬಂದಿತು, ನನಗ ಹೋಗಬೇಕಂತ ಅನಿಸಿತ್ತರಿ. ಅತ್ತೆಯ ಬೆರಳು ಬೇಳೆಯಲ್ಲಿ ನಿಂತಿತು. ಅದನ್ನ ಮೊದಲ ಹೇಳಬಾರದೇನ, ಎಂದಳು, ಜ್ವಾಳದ ಲೆಕ್ಕ ಹೇಳಿದಿ, ನಾ ಜ್ವಾಳದ ಲೆಕ್ಕಾನ ಕೇಳಿದೆ. ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ, ಮೊರವನ್ನು ಒಮ್ಮೆ ಕೇರಿದಳು, ಹೊಟ್ಟು ಹಾರಿತು, ಈಗ ಹೊರಗ ಮಾತಾಗೈತಿ, ನಾ ಒಲ್ಲೆ ಅಂದ್ರ ಮುದುಕಿ ಅಂಜಿದ್ಲು ಅಂತಾರ ನಿಮ್ಮ ಮಾವ, ಮತ್ತೆ ತಡೆದು, ಮೆಲ್ಲಗೆ, ನನಗೂ ಹೋಗಬೇಕನಿಸೇತವಾ, ಇಷ್ಟು ವರ್ಷ ಯಾರೂ ಕೇಳಿಲ್ಲ, ಇವತ್ತು ಬಾಯಿಂದ ಬಂತು, ದಸರಾ ತನಕ ನಾ ಇದ್ದು ಒಲಿ ಹೂಡಿ ಬರ್ತೀನಿ, ಆಮ್ಯಾಲಿಂದು ನಿಂದು, ಅದನ್ನ ನಾ ಹೇಳ್ತೀನಿ ಅವರಿಗೆ. ಆ ಸಂಜೆ ಹೇಳಿಯೂ ಹೇಳಿದಳು, ಮಾವ ಎರಡು ಸಲದ ರೈಲು ಚಾರ್ಜು ಯಾರು ಕೊಡವ್ರು ಎಂದ, ಅತ್ತೆ, ನನ್ನ ಹಾಲಿನಾಗ ಮುರಕೋರಿ, ಎಂದಳು, ಮಾವ ಹ್ಞೂಂ ಎಂದು ಎದ್ದುಹೋದ, ಪಂಪಾವತಿ ಗೋಡೆಯ ಈಚೆ ಕುಳಿತು ನಾಚಿಕೆಯಿಂದ ಸೆರಗು ಕಚ್ಚಿಕೊಂಡಳು, ತಾನು ಆಡದೆ ನುಂಗಿದ್ದು ಅತ್ತೆಗೆ ಹೇಗೆ ಗೊತ್ತಾಯಿತೋ, ಅಥವಾ ಅತ್ತೆಯೂ ಆ ಲೆಕ್ಕವನ್ನು ಹಾಕಿಯೇ ಇದ್ದಳೋ.

ಕೊಪ್ಪಳದ ಸ್ಟೇಷನ್ನು, ಬಿಸಿಲು, ಮನೆಯ ಆಳು ದುರುಗಪ್ಪ ಚಕ್ಕಡಿಯಿಂದ ಚೀಲ ಇಳಿಸಿ ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದಾನೆ, ಕೊಪ್ಪಳದ ತನಕ ನೀನೂ ಬಾ ಎಂದವಳು ಅತ್ತೆಯೇ, ಮಾವನೂ ಬೇಡವೆನ್ನಲಿಲ್ಲ. ರೈಲು ಡಬ್ಬಿಯ ಮೆಟ್ಟಿಲು ಎತ್ತರ, ಅತ್ತೆಯ ಮಂಡಿ ಮಡಿಯಲೊಲ್ಲದು, ಪಂಪಾವತಿ ಹಿಂದಿನಿಂದ ಹೆಗಲು ಕೊಟ್ಟು ಎತ್ತಿದಳು, ಒಳಗೆ ಹೋದ ಅತ್ತೆ ಕಿಟಕಿಯ ಪಕ್ಕ ಹಲಗೆಯ ಮೇಲೆ ಕುಳಿತಳು, ಗಾಡಿ ನಿಂತೇ ಇದ್ದರೂ ಒಂದು ಕೈಯಿಂದ ಸರಳು ಹಿಡಿದಿದ್ದಳು. ಈಶಪ್ಪ ಅತ್ತ ಇತ್ತ ನೋಡಿ ಒಳಗಿನಿಂದ ಕಿಟಕಿಗೆ ಬಾಗಿದ, ಏನೋ ಹೇಳುತ್ತಾನೆ, ಈಗ ಹೇಳುತ್ತಾನೆ, ಖಾರಪುಡಿ ಯಾವುದರಾಗ ಐತಿ, ಎಂದ. ಭರಣ್ಯಾಗ ಐತ್ರಿ, ಬಾಯಿಗೆ ಹಳದಿ ಅರಿವಿ ಕಟ್ಟೀನಿ. ಹ್ಞೂಂ, ಎಂದ, ಎರಡೂ ಹೊತ್ತು ಉಣ್ರಿ, ಎಂದಳು ಆಕೆ, ಆತ ಕಣ್ಣು ತಗ್ಗಿಸಿದ, ಸೀಟಿ ಊದಿತು, ಅತ್ತೆ ಜರುಗಿ ಕುಳಿತಳು, ತನ್ನ ಪಕ್ಕದಲ್ಲಿ ತೆರವಾದ ಅಷ್ಟಗಲ ಹಲಗೆಯ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದಳು, ಪಂಪಾವತಿಯನ್ನೇ ನೋಡುತ್ತ. ಗಾಡಿ ಹೋಯಿತು. ಹೊಗೆ ಹೋಯಿತು. ಚಕ್ಕಡಿ ಅಳವಂಡಿಯ ದಾರಿ ಹಿಡಿಯಿತು, ದುರುಗಪ್ಪ ಕೇಳುತ್ತಿದ್ದಾನೆ, ಬಿತ್ತಿಗಿ ಶುರು ಮಾಡೂಣೇನ್ರಿ ಅವ್ವಾರ, ಮೊದಲ ಸಲ ತನ್ನನ್ನು ಕೇಳುತ್ತಿದ್ದಾನೆ, ಮಾವನ್ನ ಕೇಳ್ತೀನಿ ತಡಿ, ಎಂದಳು, ನಾಳೆ ಹಿಟ್ಟು ಬೀಸಬೇಕು, ಎಮ್ಮೆ ಅತ್ತೆಯ ಕೈಗೇ ಹಾಲು ಬಿಡುವುದು, ಏನು ಮಾಡುತ್ತದೋ — ಹಲಗೆ, ಅಂಗೈ, ಎರಡು ಸಲ — ನಾಕಾದಲ್ಲಿ ಚೀಲ ಬಿಚ್ಚಿಸಿದರೆ ಅತ್ತೆ ಬೈಯುತ್ತಾಳೆ, ಬೈಯದಿದ್ದರೆ ಸಾಕು, ದಸರೆಗೆ ಇನ್ನೂ ಬಿತ್ತಿಗೆ ಆಗಬೇಕು, ಎಡೆ ಹೊಡೆಯಬೇಕು, ಸಜ್ಜೆ ತೆನೆ ಬಿಡಬೇಕು, ಈಗ ಗಾಡಿ ಎಲ್ಲಿಗೆ ಬಂದಿರಬಹುದು, ಅತ್ತೆ ತನಗೆಂದು ತಟ್ಟಿ ತೋರಿದ ಆ ಜಾಗದಲ್ಲಿ ಯಾರಾದರೂ ಬಂದು ಕುಳಿತರೋ, ಕುಳಿತಿರುತ್ತಾರೆ, ರೈಲಿನಲ್ಲಿ ಜಾಗ ಬರಿದಿರುವುದಿಲ್ಲ, ಅತ್ತೆ ಏಳು ಎನ್ನುತ್ತಾಳೋ, ಅಂಗೈ ಎತ್ತದೆ ಹಾಗೆಯೇ ಇಟ್ಟುಕೊಂಡು ಕುಳಿತಿದ್ದಾಳೋ, ಹಲಗೆಯ ಮೇಲೆ, ಅತ್ತೆಯ ಅಂಗೈ