ಮುಖಪುಟದಲ್ಲಿ ಜಾಗ ಸಿಗದ ಬಸ್ಸು

ದಾಂಡೇಲಿಯ ಆ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಒಂದೇ ನಿಯಮವಿತ್ತು: ಒಮ್ಮೆ ಒಳಗೆ ಬಂದದ್ದು ಮತ್ತೆ ಹೊರಗೆ ಹೋಗುವಂತಿಲ್ಲ. ಮೊದಲ ವರ್ಷ ತೆರೆದ ಪುಸ್ತಕವೊಂದು ಬಂತು. ಮರುವರ್ಷ ಅದರ ಮೇಲೊಂದು ಉರಿಯುವ ಹಣತೆ ಬಂತು. ಅಷ್ಟು ಬೆಳಕು ಸಾಲದೆಂದು ಹಿಂದೆ ಸೂರ್ಯನೂ ಹುಟ್ಟಿದ. ಆಮೇಲೆ ಕಾಲೇಜಿನ ಕಟ್ಟಡ, ಅದರ ಮೇಲೆ ಇನ್ನೂ ಕಟ್ಟಿರದ ಮೂರನೆಯ ಮಹಡಿ, ಒಂದು ಮಂಗಟ್ಟೆ ಹಕ್ಕಿ, ಕಂಪ್ಯೂಟರ್ ಹೊಸದಾಗಿ ಬಂದ ಕಾಲದ ಟ್ರಂಕಿನಂಥ ಕಂಪ್ಯೂಟರ್. ಇವೆಲ್ಲದರ ನೆತ್ತಿಯ ಮೇಲೆ ಮೊಟ್ಟೆಯಾಕಾರದೊಳಗೆ ಆಡಳಿತ ಮಂಡಳಿಯ ಅಧ್ಯಕ್ಷರಾದ ದುಂಡೇಶ ಅವರ ನಗುಮೊಗ.

ಇಂಥ ಸಂತೆಯೊಳಗೆ ಮೆಹರೀನ ಒಂದು ಬಸ್ಸು ನುಗ್ಗಿಸಲು ಹೊರಟಿದ್ದಳು.

ಮೆಹರೀನ ಬಿ.ಎ. ಕೊನೆಯ ವರ್ಷದವಳು, ಈ ಸಲದ ವಿದ್ಯಾರ್ಥಿ ಸಂಪಾದಕಿ. ಅವಳು ಬಿಡಿಸಿದ್ದು ಬೆಳಿಗ್ಗೆ ಹಳಿಯಾಳದಿಂದ ಬರುವ ಬಸ್ಸಿನ ಹಿಂಭಾಗ. ಹಿಂದಿನ ಗಾಜಿಗೆ ಒತ್ತಿಕೊಂಡು ಅವಳ ತರಗತಿಯ ಐದು ಹುಡುಗಿಯರು. ಒಬ್ಬಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ಒಬ್ಬಳು ಡಬ್ಬಿಯ ಅವಲಕ್ಕಿ ತಿನ್ನುತ್ತಿದ್ದಳು, ಇನ್ನೊಬ್ಬಳು ಗೆಳತಿಯ ಬೆನ್ನ ಮೇಲೆ ವಹಿ ಇಟ್ಟುಕೊಂಡು ಹೋಂವರ್ಕ್ ನಕಲು ಮಾಡುತ್ತಿದ್ದಳು. ಚಿತ್ರ ನೋಡಿದ ಹುಡುಗಿಯರು ನಕ್ಕು ನಕ್ಕು ಸುಸ್ತಾದರು.

ಪ್ರಾಚಾರ್ಯ ಜ್ಯೋತಿಬಾ ಸರ್ ಮಾತ್ರ ನಗಲಿಲ್ಲ.

"ಬಸ್ಸಿನ ಹಿಂಭಾಗ ಯಾಕ ತಗದೀಯವಾ? ಮುಂಭಾಗ ತಗದಿದ್ರ ಪ್ರಗತಿ ಅಂತಾದ್ರೂ ಅನ್ನಬಹುದಿತ್ತು."

"ಸರ್, ಬಸ್ಸು ಮುಂದ ಹೊಂಟೈತ್ರಿ. ಅದಕ್ಕ ಹಿಂದಿಂದು ಕಾಣತೈತ್ರಿ."

ಸರ್ ಒಪ್ಪಿದರು. ಆದರೆ ಹಳೆಯದೆಲ್ಲ ಇದ್ದಲ್ಲೇ ಇರಬೇಕೆಂದರು. ಮೆಹರೀನಳಿಗೆ ಅಷ್ಟೇ ಸಾಕಿತ್ತು. ಅವಳಿಗೆ ಬೇಕಾದದ್ದು ಚಿತ್ರದ ಕೆಳಗೆ ತನ್ನ ಹೆಸರು. ಅವಳ ಅಬ್ಬಾ ಅಬ್ದುಲ್ ರಜಾಕ ಅವರು ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಂದ ಹಾಳೆ ಆರಿಸಿ, ಕಟ್ಟು ಕಟ್ಟಿ ಕಳಿಸುವವರು. ಅವರು ಕಟ್ಟಿದ ಕಾಗದ ಯಾವ ಯಾವ ಊರಿಗೋ ಹೋಗಿ ಪುಸ್ತಕವಾಗಿತ್ತು. ಒಂದರಲ್ಲೂ ಅವರ ಮನೆಯವರ ಹೆಸರು ಅಚ್ಚಾಗಿರಲಿಲ್ಲ. ಈ ಸಲ ಅಚ್ಚಾಗುತ್ತದೆ ಎಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು.

ಹಳಿಯಾಳದ ಅಚ್ಚುಕೂಟದಲ್ಲಿ ಸಾತಪ್ಪ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದನ್ನೇ ಕೂಡಿಸುತ್ತ ಹೋದ. ಹಕ್ಕಿಯ ಕೊಕ್ಕು ಬಸ್ಸಿಗೆ ತಾಗಿತು, ಬಸ್ಸು ಅರ್ಧವಾಯಿತು. ಮೂರನೆಯ ಮಹಡಿ ಬಂತು, ಬಸ್ಸು ಅಂಗೈಯಷ್ಟಾಯಿತು. ಅಷ್ಟರಲ್ಲಿ ಅಧ್ಯಕ್ಷರ ಮನೆಯಿಂದ ಫೋನು ಬಂದು, ಮೊಟ್ಟೆಯನ್ನು ಇನ್ನಷ್ಟು ದೊಡ್ಡದು ಮಾಡಬೇಕೆಂದು ತಿಳಿಯಿತು.

"ತಂಗಿ, ಇನ್ನೊಂಚೂರು ಸಣ್ಣ ಮಾಡ್ಲ್ಯಾ?" ಎಂದ ಸಾತಪ್ಪ.

"ಅಣ್ಣಾ, ಇನ್ನ ಸಣ್ಣ ಮಾಡಿದ್ರ ಅದು ಬಸ್ಸೋ ಬೆಂಕಿಪೆಟ್ಟಿಗೆಯೋ ತಿಳಿಯಂಗಿಲ್ಲ."

ಕೊನೆಗೆ ಅಂಚೆಚೀಟಿಯಷ್ಟಾದ ಬಸ್ಸು ಹಕ್ಕಿಯ ಕಾಲಡಿ ನಿಂತಿತು. ಹುಡುಗಿಯರು ಐದು ಚುಕ್ಕೆಗಳಾದರು. ಅದರ ಕೆಳಗೆ ಹೆಸರಿಗೆ ಜಾಗವೇ ಇರಲಿಲ್ಲವಾಗಿ 'ಮುಖಪುಟ: ಸಂಪಾದಕ ಮಂಡಳಿ' ಎಂದು ಒಳಪುಟದಲ್ಲಿ ಹಾಕಲು ತೀರ್ಮಾನವಾಯಿತು. ಮೆಹರೀನಳಿಗೆ ಅಳುವೇ ಬಂತು. ಅಚ್ಚುಕೂಟದ ಬಾಗಿಲಿಗೆ ಮುಖ ತಿರುಗಿಸಿ ಅತ್ತೇ ಬಿಟ್ಟಳು.

ಜೊತೆಗೆ ಬಂದಿದ್ದ ಕನ್ನಡದ ಅನ್ನಪೂರ್ಣಾ ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಪುಸ್ತಕದ ನಮೂನೆಯನ್ನು ಬೋರಲು ಹಾಕಿದರು. ಹಿಂಬದಿ ಖಾಲಿ ಇತ್ತು. ಅಲ್ಲಿಗೆ ಜಾಹೀರಾತು ಕೊಡುತ್ತೇನೆಂದಿದ್ದ ಬೇಕರಿಯವನು ಕೈಕೊಟ್ಟಿದ್ದ.

"ಮೆಹರೀನ, ನಮ್ಮ ಸಂಚಿಕೆದಾಗ ಉರ್ದು ವಿಭಾಗ ಎಲ್ಲಿಂದ ಸುರು ಆಗತೈತಿ?"

"ಈ ಕಡೆಯಿಂದ್ರೀ ಮೇಡಂ. ಉರ್ದು ಬಲಗಡೆಯಿಂದ ಓದೂದಲ್ರೀ."

"ಮತ್ತ, ಉರ್ದು ವಿಭಾಗಕ್ಕೂ ಒಂದು ಮುಖಪುಟ ಬ್ಯಾಡೇನು? ನಾ ಸರ್‌ಗೆ ಹೇಳ್ತೇನಿ."

ಸರ್ ಫೋನಿನಲ್ಲೇ, "ಹಿಂದ ಏನರ ಹಾಕ್ಕೋರಿ, ಮುಂದ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದರು. ಹಾಗಾಗಿ ಹಕ್ಕಿಯ ಕಾಲಡಿಯಿಂದ ಎದ್ದ ಬಸ್ಸು ಹಿಂದಿನ ಪುಟದ ತುಂಬ ಬಂದು ನಿಂತಿತು. ಕೆಳಗೆ ಉರ್ದು ಅಕ್ಷರಗಳಲ್ಲಿ, ದಪ್ಪಗೆ: ಚಿತ್ರ, ಮೆಹರೀನ ಅಬ್ದುಲ್ ರಜಾಕ.

ಬಿಡುಗಡೆಯ ಹಿಂದಿನ ದಿನ ಸಂಜೆ ಅವಳು ಐದು ಪ್ರತಿ ಮನೆಗೆ ತಂದಳು. ವೇದಿಕೆಯ ಮೇಲೆ ಬಿಚ್ಚುವ ಕಟ್ಟನ್ನು ಬಣ್ಣದ ಕಾಗದದಲ್ಲಿ ಸುತ್ತಬೇಕಿತ್ತು. ಅಂಥ ಕೆಲಸಕ್ಕೆ ಅಬ್ಬಾನ ಕೈ ಬಿಟ್ಟರೆ ಊರಲ್ಲಿ ಇನ್ನೊಂದಿಲ್ಲ. ಅವರು ಮೊದಲು ಮುಂದಿನ ಮುಖಪುಟ ನೋಡಿದರು.

"ಪುಸ್ತಕದ ಮ್ಯಾಲೆ ದೀಪ ಹಚ್ಚಿಟ್ಟಾರಲ್ಲ, ಸುಡಂಗಿಲ್ಲೇನು? ನಮ್ಮ ಕಾರ್ಖಾನಿ ಗೇಟಿನ್ಯಾಗ ಬೀಡಿ ಸೈತ ಕಸಗೊಂಡ ಒಳಗ ಬಿಡ್ತಾರ."

"ಅದು ಜ್ಞಾನದ ದೀಪ, ಅಬ್ಬಾ."

"ಯಾವುದರ ಇರಲಿ. ಕಾಗದಕ್ಕ ಏನ್ ಗೊತ್ತಾಗತೈತಿ?"

ಆಮೇಲೆ ಪುಸ್ತಕ ತಿರುಗಿಸಿದರು. ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು, ಬಸ್ಸಿನ ಕೆಳಗಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಅವಳು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೂಲೆ ಮಡಚಿ, ರಿಬ್ಬನ್ ಬಿಗಿದು, ಕಟ್ಟು ತಯಾರಾಗಿತ್ತು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ದುಂಡೇಶ ಅವರು ರಿಬ್ಬನ್ ಎಳೆದರು. ಪದ್ಧತಿಯಂತೆ ಐವರು ಗಣ್ಯರು ಮೇಲಿನಿಂದ ಒಂದೊಂದು ಪ್ರತಿ ಎತ್ತಿ, ಎದೆಗೆ ಹಿಡಿದು, ಕ್ಯಾಮೆರಾ ಕಡೆ ನಗುತ್ತ ನಿಂತರು. ಬಿಡುಗಡೆ ಮಾಡುವವರು ಪುಸ್ತಕ ನೋಡುವ ಪದ್ಧತಿ ಎಲ್ಲಿದೆ?

ಜನರಿಗೆ ಕಂಡದ್ದು ಐದು ಬಸ್ಸು.

ಮೊದಲು ಆ ಐದು ಹುಡುಗಿಯರು ಕೂಗಿದರು. ಆಮೇಲೆ ಇಡೀ ಸಭಾಂಗಣ ಸಿಳ್ಳೆ ಹೊಡೆಯಿತು. ಇಷ್ಟು ವರ್ಷಗಳಲ್ಲಿ ಇಂಥ ಚಪ್ಪಾಳೆ ಕೇಳಿರದ ದುಂಡೇಶ ಅವರು ಅದು ತಮಗೇ ಎಂದುಕೊಂಡು ಪುಸ್ತಕವನ್ನು ತಲೆಯ ಮೇಲೆತ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದರು. ಪಕ್ಕದಲ್ಲಿದ್ದ ಜ್ಯೋತಿಬಾ ಸರ್ ಓರೆಗಣ್ಣಿನಿಂದ ನೋಡಿ ಬೆವರಿದರು. ಅಧ್ಯಕ್ಷರ ಕಿವಿಯಲ್ಲಿ ಏನೋ ಉಸುರಿದರು. ಅಧ್ಯಕ್ಷರು ಪುಸ್ತಕ ಇಳಿಸಿ ನೋಡಿದರು.

"ಯಾರಿದನ್ನ ಕಟ್ಟಿದವರು?"

ಮೆಹರೀನ ಹಿಂದಕ್ಕೆ ತಿರುಗಿ ನೋಡಿದಳು. ಹಿಂದಿನ ಸಾಲಿನಿಂದ ಅಬ್ಬಾ ಎದ್ದು ನಿಂತರು.

"ನಾನ ಕಟ್ಟೇನ್ರಿ ಸಾಹೇಬ್ರ. ಮುಖ ಮ್ಯಾಲ ಇಟ್ಟ ಕಟ್ಟೇನ್ರಿ."

"ಇದು ಬೆನ್ನು ಪಾ!"

"ತೆಗದ ನೋಡ್ರಿ. ಬೆನ್ನಿನ ಒಳಗ ಒಂದನೇ ಪುಟ ಹೆಂಗ ಬಂತ್ರಿ?"

ದುಂಡೇಶ ಅವರು ಆ ಕಡೆಯಿಂದ ತೆರೆದರು. ಪ್ರತಿ ವಿಭಾಗವೂ ಅಧ್ಯಕ್ಷರ ಸಂದೇಶದಿಂದಲೇ ಶುರುವಾಗಬೇಕೆಂಬುದು ಆ ಸಂಚಿಕೆಯ ಇನ್ನೊಂದು ಕಟ್ಟಳೆ. ಅರ್ಥವಾಗದ ಉರ್ದು ಅಕ್ಷರಗಳ ನೆತ್ತಿಯ ಮೇಲೆ, ಇಡೀ ಅರ್ಧ ಪುಟ, ಅವರೇ ನಗುತ್ತಿದ್ದರು. ತಮ್ಮ ಮುಖ ನೋಡಿಕೊಂಡವರೇ ತಣ್ಣಗಾದರು.

"ಹೌದಲ್ಲ" ಎಂದರು. ಮತ್ತೊಮ್ಮೆ ಬಸ್ಸಿನ ಚಿತ್ರ ನೋಡಿದರು. "ಜನಕ್ಕ ಭಾಳ ಸೇರೇತಿ ಇದು. ಜ್ಯೋತಿಬಾ, ಮುಂದಿನ ವರ್ಷ ಇದನ್ನ ಮುಂದ ಹಾಕ್ರಿ. ಆ ಕಿಟಕ್ಯಾಗ ನನ್ನ ಫೋಟೋನೂ ಕೂಡಸ್ರಿ."

ಸರ್ ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಂಡರು. ಅಲ್ಲಿಗೆ ಬಸ್ಸೂ ಮುಖಪುಟದ ಕಾಯಂ ಸದಸ್ಯನಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಮೆಹರೀನ ತಡೆಯಲಾರದೆ ಕೇಳಿದಳು: "ಅಬ್ಬಾ, ಮುಖ ಯಾವುದು ಅಂತ ನಿಮಗ ಖರೇನ ಗೊತ್ತಾಗಲಿಲ್ಲೇನ್ರಿ?"

ಅವರು ಚೀಲದಿಂದ ತಮ್ಮ ಪ್ರತಿ ತೆಗೆದು, ಉರ್ದು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಮೂವತ್ತು ವರ್ಷ ಅದ ಕೆಲಸ, ಬೇಟಿ. ಕಾಗದದ ಮುಖ ಯಾವುದು, ಬೆನ್ನು ಯಾವುದು, ಕಣ್ಣ ಮುಚ್ಚಿ ಹೇಳ್ತೇನಿ. ನಿನ್ನೆ ಎರಡೂ ಕಡೆ ಮುಟ್ಟಿ ನೋಡಿದೆ. ಈ ಕಡೆ ನಿನ್ನ ಹೆಸರಿತ್ತು, ಬಾಜೂಕ ನಂದಿತ್ತು." ಪುಸ್ತಕವನ್ನು ಮತ್ತೆ ಚೀಲಕ್ಕಿಟ್ಟರು. "ಮತ್ತ ಮುಖ ಯಾವುದು ಅಂತ ಕೇಳ್ತೀಯಲ್ಲ."