ಪಾತ್ರೆಯ ತಳದ ಹೆಸರು

ನಡುವೆ ಕೂತ ನ್ಯಾಯಾಧೀಶೆಯ ಕನ್ನಡಕದ ಮೇಲೆ ದೀಪ ಹೊಳೆಯುತ್ತಿದೆ, ತೊಳೆದು ಕವುಚಿಟ್ಟ ಗಾಜಿನ ಪಾತ್ರೆಯ ತಳದ ಹಾಗೆ, ಆರ್ಡಿಸ್ ಅದನ್ನೇ ನೋಡುತ್ತಿದ್ದಾಳೆ, ಮಾತು ತಡವಾಗಿ ಕಿವಿಗೆ ಬೀಳುತ್ತದೆ — ಕಂಪನಿಯ ಪಾಲುದಾರರೆಲ್ಲ ಯಾವ ರಾಜ್ಯದವರು, ವಕೀಲರೇ? — ಮಿನೆಸೋಟದವರು, ಯುವರ್ ಆನರ್, ಎರಡೂ ಕಡೆ ಒಪ್ಪಿದೀವಿ — ನೀವು ಒಪ್ಪಿದ್ರೆ ನಮಗೆ ಅಧಿಕಾರ ಬಂದ್ಬಿಡುತ್ತಾ? ಎರಡು ಕಡೆಯವರೂ ಬೇರೆ ಬೇರೆ ರಾಜ್ಯದವರಾದ್ರೆ ಮಾತ್ರ ನಾವು ವಿಚಾರಿಸೋದು, ದಾವೆ ಹಾಕಿದ ಈಕೆ ನಾರ್ತ್ ಡಕೋಟದವರು, ಪಾಲುದಾರರಲ್ಲಿ ಒಬ್ಬನೇ ಒಬ್ಬ ಅಲ್ಲಿಯವನಾಗಿದ್ರೂ ಇದು ಫೆಡರಲ್ ಕೋರ್ಟಿನ ಕೇಸೇ ಅಲ್ಲ, ಈಕೆ ಜೂರಿ ಮುಂದೆ ಗೆದ್ದಿದ್ದೂ ಗೆದ್ದ ಹಾಗಲ್ಲ, ವಿಚಾರಿಸ್ಕೊಂಡು ಬನ್ನಿ — ನ್ಯಾಯಾಧೀಶರು ಎದ್ದು ಒಳಗೆ ಹೋದರು, ಕಪ್ಪು ನಿಲುವಂಗಿಗಳ ಬೆನ್ನು, ಗಂಡ ಆರ್ಲೋ ಇದ್ದಿದ್ದರೆ ನಗುತ್ತಿದ್ದ, ಇಷ್ಟು ದೊಡ್ಡ ಕಟ್ಟಡ ಕಟ್ಕೊಂಡು ಅಧಿಕಾರ ಇದೆಯೋ ಇಲ್ವೋ ಗೊತ್ತಿಲ್ವಂತೆ ಕಣೇ, ನಮ್ಮ ನಾಯಿಗೂ ತನ್ನ ಅಂಗಳ ಎಲ್ಲೀವರೆಗೆ ಅಂತ ಗೊತ್ತು — ಅವನೆಲ್ಲಿ, ಆ ಕಂಪನಿಯ ಕಣಜದೊಳಗೆ ಹೆಪ್ಪುಗಟ್ಟಿದ ಮೆಕ್ಕೆಜೋಳ ಬಿಡಿಸಲು ಇಳಿದವನು, ಕೆಳಗಿಂದ ಕಾಳು ಹೊರಗೆಳೆಯುವ ಯಂತ್ರ ನಿಲ್ಲಿಸಿರಲಿಲ್ಲ, ಜೋಳ ಅವನನ್ನು ಎಳೆದುಕೊಂಡಿತು, ಮನೆಗೆ ತಂದ ಮೇಲೂ ಕಿವಿಯೊಳಗೆ ಕಾಳು, ಅದನ್ನು ಜೂರಿಯ ಮುಂದೆ ಹೇಳಿದಳಲ್ಲ ಒಮ್ಮೆ, ಹೇಳಿ ಕೂತಮೇಲೆ ಸಾಕಪ್ಪ, ಇನ್ನು ಯಾರಿಗೂ ಹೇಳುವುದಿಲ್ಲ ಅಂದುಕೊಂಡಿದ್ದಳು, ಈಗ ರಾಜ್ಯದ ಕೋರ್ಟಿಗೆ ಹೋಗಿ ಮೊದಲಿಂದ ಹೇಳು ಅಂದರೆ, ಸೊಂಟ ನೋಯುತ್ತಿದೆ, ಈ ಬೆಂಚಿಗೆ ಒಂದು ದಿಂಬು ಹಾಕಬಾರದೇ.

ಅವಳ ವಕೀಲ ಹಾಲ್‌ಸ್ಟೆಡ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಆ ಕಡೆಯವನು ಪಾಲುದಾರರ ಹೆಸರು ಕೊಟ್ಟಿದ್ದಾನೆ ಆರ್ಡಿಸ್, ಒಂದೊಂದೇ ಹೇಳ್ತೀನಿ, ನಿಮಗೆ ಗೊತ್ತಿರೋರು ಯಾರೂ ಇಲ್ಲ ತಾನೆ — ಹೆಸರುಗಳು ಹೋಗುತ್ತಿವೆ, ಯಾರೋ ಯಾರೋ, ಸೆಲ್ಮರ್ ನೈಗಾರ್ಡ್, ಹಲ್ಲಿನ ಡಾಕ್ಟ್ರು, ಡುಲುತ್, ಮಿನೆಸೋಟ — ಡುಲುತ್‌ನಲ್ಲಿ ಇದ್ದವನೇ, ಹಿಂದೆ, ಆಮೇಲೆ ಮಗಳ ಹತ್ತಿರ ಇರುತ್ತೇನೆಂದು ನಾರ್ತ್ ಡಕೋಟಕ್ಕೆ, ಇವಳ ಬೀದಿಗೇ ಬಂದನಲ್ಲ, ಹೊಸಬರು ಬಂದರೆ ಬರಿಗೈಯಲ್ಲಿ ನೋಡಲು ಹೋಗುತ್ತಾರೆಯೇ, ಗಾಜಿನ ಪಾತ್ರೆಯಲ್ಲಿ ಮಾಂಸ ಆಲೂಗಡ್ಡೆ ಹಾಕಿ ಬೇಯಿಸಿ ಹಾಟ್‌ಡಿಷ್ ಮಾಡಿದಳು, ಆರ್ಲೋ ಪಾತ್ರೆಯ ತಳಕ್ಕೆ ಬಿಳಿ ಪಟ್ಟಿ ಅಂಟಿಸಿ ಇವಳ ಹೆಸರು ಬರೆದ, ನಾಲಿಗೆ ಕಚ್ಚಿಕೊಂಡು, ಹೆಸರಿಲ್ದೆ ಕೊಟ್ರೆ ಪಾತ್ರೆ ಹೋದ ಹಾಗೇನೇ ಕಣೇ — ಹೋಗಲಿಲ್ಲ, ಸೆಲ್ಮರ್ ಖಾಲಿ ಪಾತ್ರೆ ಹಿಂದಿರುಗಿಸುವವನಲ್ಲ, ನಿಂಬೆಹಣ್ಣಿನ ಸಿಹಿ ತುಂಬಿಸಿ ತಂದ, ಇವಳು ಮತ್ತೆ ಕೊಟ್ಟಳು, ಅವನು ಮತ್ತೆ ತಂದ, ಆರ್ಲೋನನ್ನು ಮಣ್ಣು ಮಾಡಿದ ದಿನವೂ ಅದೇ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ, ಆ ಕಣಜದಲ್ಲಿ ನಂದೂ ಒಂದು ಚೂರು ಪಾಲಿದೆ ಆರ್ಡಿಸ್, ಅಂತ — ಒಳಗ್ ಬಾ ಮಾರಾಯ, ಚಳಿ ಇದೆ, ಅಂದಳು. ದಾವೆ ಹಾಕಿದ್ದು ಕಂಪನಿಯ ಮೇಲೆ, ಸೆಲ್ಮರ್ ಮೇಲೆ ಅಂತ ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ, ವಕೀಲರು ಆರ್ಲೋನ ಸಂಬಳ ಕೇಳಿದರು, ಕೆಮ್ಮು ಕೇಳಿದರು, ಯಾರ ಮನೆಗೆ ಊಟ ಒಯ್ಯುತ್ತೀಯ ಅಂತ ಯಾರು ಕೇಳಿದರು?

ಹಾಲ್‌ಸ್ಟೆಡ್ ಮುಂದಿನ ಹೆಸರಿಗೆ ಹೋಗಿಬಿಟ್ಟಿದ್ದಾನೆ, ಸುಮ್ಮನಿದ್ದರೆ ಆಯಿತು, ಬಾಯಿ ತೆರೆಯದಿದ್ದರೆ ಇವತ್ತಿಗೆ ಎಲ್ಲ ಮುಗಿದು ಮನೆ, ಹಾಸಿಗೆ, ಆದರೆ ಎಷ್ಟು ದಿನ, ಇಡೀ ಬೀದಿಗೆ ಗೊತ್ತು, ಹೋದ ವಾರ ಸೆಲ್ಮರ್‌ಗೆ ಮಂಡಿ ಆಪರೇಷನ್ ಆದಾಗಲೂ ಅದೇ ಪಾತ್ರೆ ಒಯ್ದಳಲ್ಲ, ಈಗಲೂ ಅಲ್ಲೇ ಇದೆ — ಅವಳ ಕೈ ಅವನ ತೋಳಿನ ಮೇಲೆ, ತಡಿ ಮಗು, ಸೆಲ್ಮರ್ ನಮ್ಮ ಬೀದಿಯವನು — ಯಾವಾಗಿಂದ? — ನಮ್ಮೋನು ಇದ್ದಾಗ್ಲಿಂದ್ಲೂ — ಹುಡುಗನ ಮುಖ ಬಿಳಿಚಿತು, ಪಾಪ, ಅವನೂ ಎಷ್ಟು ಓಡಾಡಿದ್ದ, ಆರ್ಡಿಸ್, ಇದರರ್ಥ ಏನು ಗೊತ್ತಾ, ಅನ್ನುತ್ತಿದ್ದಾನೆ, ಗೊತ್ತು, ರಾಜ್ಯದ ಕೋರ್ಟು, ಮತ್ತೆ ಕಣಜ, ಮತ್ತೆ ಕಿವಿಯೊಳಗಿನ ಕಾಳು, ಗೊತ್ತು ಮಗು — ಸೆಲ್ಮರ್‌ನ ಅಡುಗೆಮನೆ, ನಲ್ಲಿಯ ಪಕ್ಕ ಕವುಚಿಟ್ಟ ಗಾಜು, ಬಿಳಿ ಪಟ್ಟಿ, ಆರ್ಲೋನ ಕೈಬರಹ, ಜಾಗ ಸಾಲದೆ ಅಂಚಿಗೆ ಬಾಗಿದ ಕೊನೆಯ ಅಕ್ಷರ, ಅಂಚಿಗೆ ಬಾಗಿದ ಆ ಅಕ್ಷರ —