ಬದಲಿ ಹೆಸರು

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಎಷ್ಟು ಉಜ್ಜಿದರೂ ಅತ್ತೆಯ ಬಲಗೈ ನಡುಬೆರಳಿನ ಶಾಯಿ ಹೋಗಲೊಲ್ಲದು. ಪೆನ್ನು ಒತ್ತಿ ಒತ್ತಿ ಕಾಯಿಗಟ್ಟಿದ ಜಾಗದಲ್ಲಿ ನೀಲಿ ಕಚ್ಚಿಕೊಂಡು ಕೂತಿತ್ತು. ಸೊಸೆ ಇನ್ನೊಂದು ಹತ್ತಿ ಹರಿದಳು. ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ದಿನಕ್ಕೆ ಎಂಬತ್ತು ಜನರ ತೋಳು ಒರೆಸುವ ಕೈ ಅದು. ಎಷ್ಟೇ ಅಡಗಿ ಕೂತ ನರವನ್ನಾದರೂ ಬೆರಳ ತುದಿಯಿಂದಲೇ ಹುಡುಕಿ ತೆಗೆಯುತ್ತದೆಂದು ಹೆಸರು ಪಡೆದ ಕೈ. ಇವತ್ತು ಒಂದು ಕಲೆಗೆ ಸೋತಿತು.

"ಬಿಡೇ ತಾಯಿ," ಎಂದಳು ತಲೆದೆಸೆಯಲ್ಲಿ ಕೂತ ಪಕ್ಕದ ಮನೆಯ ಅಜ್ಜಿ. "ಮೂವತ್ತು ವರ್ಷದ ಶಾಯಿ ಅದು, ಜೊತೇಲೇ ಹೋಗ್ಲಿ. ಇಲ್ದಿದ್ರೆ ಆ ಕಡೆಯೋರು ಇವಳೇ ಚೀಟಿಯಮ್ಮ ಅಂತ ಗುರುತು ಹಿಡಿಯೋದು ಹೇಗೆ?"

ಚೀಟಿಯಮ್ಮ ಎಂದೇ ಊರೆಲ್ಲ ಕರೆಯುತ್ತಿದ್ದುದು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಹೆಂಗಸು. ಕಾರ್ಖಾನೆಯ ಮಹಡಿಯ ಮೇಲೆ ಪಕ್ಷದ ಕಚೇರಿ. ಚುನಾವಣೆ ಬಂತೆಂದರೆ ಕೆಲಸ ಮುಗಿಸಿ ಮಹಡಿ ಹತ್ತಿ, ಮನೆಮನೆಗೆ ಹಂಚುವ ಮತದಾರರ ಚೀಟಿಗಳನ್ನು ಸಾವಿರಗಟ್ಟಲೆ ಬರೆಯುವವಳು. ಯಾರ ಮನೆಯಲ್ಲಿ ಯಾರು ಸತ್ತರು, ಯಾರ ಮಗಳಿಗೆ ಹದಿನೆಂಟು ತುಂಬಿತು, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಟಿಕೆಟ್ ಮಾತ್ರ ಪ್ರತಿ ಸಲವೂ ಇನ್ನಾರದೋ ಹೆಂಡತಿಗೆ, ಇನ್ನಾರದೋ ಮಗಳಿಗೆ. ಈ ಸಲ, ಅರವತ್ಮೂರನೆಯ ವಯಸ್ಸಿನಲ್ಲಿ, ವಿಧಾನಸಭೆಗೆ ಅವಳ ಹೆಸರೇ ಬಂದಿತ್ತು. ಮೊನ್ನೆ ಕೊನೆಯ ದಿನ ನಾಮಪತ್ರ ಕೊಟ್ಟು ಬಂದಳು, ಕಾಲು ತೊಳೆದಳು, ಊಟ ಮಾಡಿ ಮಲಗಿದಳು. ನಿನ್ನೆ ಬೆಳಿಗ್ಗೆ ಏಳಲಿಲ್ಲ.

ಕಿಟಕಿಯಾಚೆ ಅಂಗಳದಲ್ಲಿ ಗಂಡಸರ ದನಿ ಏರಿತು.

"ಎತ್ತೋದು ಮೂರು ಗಂಟೆಗೆ. ಅಷ್ಟರೊಳಗೆ ಇದೊಂದು ಇತ್ಯರ್ಥ ಆಗ್ಬೇಕು." ಇದು ಪಕ್ಷದ ಜಿಲ್ಲಾ ಅಧ್ಯಕ್ಷರು. "ಗಡುವು ಮುಗಿದಿದೆ, ಹೊಸಬರನ್ನ ತರೋ ಹಾಗಿಲ್ಲ. ಬದಲಿ ಅಭ್ಯರ್ಥಿ ಅಂತ ಯಾರ ಅರ್ಜಿ ಹಾಕಿದ್ದಾರೋ ಅವರೇ ಈಗ ನಮ್ಮೋರು."

"ಬದಲಿ ಇನ್ಯಾರು ಸಾರ್? ಸೊಸೆ," ಎಂದಿತು ಚಿಕ್ಕಮಾವನ ದನಿ. ಸತ್ತವಳ ಮೈದುನ. "ಮನೇಲಿ ಹೆಣ್ಣಿಟ್ಕೊಂಡು ಯಾರಾದ್ರೂ ಹೊರಗಿನೋರನ್ನ ಹಾಕ್ತಾರಾ?"

ಸೊಸೆ ಹತ್ತಿಯನ್ನು ಕೆಳಗಿಟ್ಟಳು.

ಬದಲಿ ಎಂದರೆ ಏನೆಂದು ಆ ಮನೆಯಲ್ಲಿ ಬಾಳಿದವರಿಗೆ ಹೇಳಿಕೊಡಬೇಕಿರಲಿಲ್ಲ. ಮೊದಲ ಅರ್ಜಿ ಏನೋ ತಪ್ಪಿನಿಂದ ಬಿದ್ದುಹೋದರೆ ಇರಲಿ ಎಂದು ಪಕ್ಷದವರು ಎರಡನೆಯವರೊಬ್ಬರ ಅರ್ಜಿಯನ್ನೂ ಕೊಟ್ಟಿರುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂಥ ಹೆಸರು, ಯಾರೂ ಓದುವುದಿಲ್ಲ. ಹೋದ ಸಲ ಅಧ್ಯಕ್ಷರಿಗೆ ಬದಲಿಯಾಗಿದ್ದವನು ಅವರ ಕಾರಿನ ಡ್ರೈವರು.

ಗಂಡ ಬಾಗಿಲಲ್ಲಿ ಬಂದು ನಿಂತ. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಹೋದ ವಾರ ಅಮ್ಮ ಯಾವುದೋ ಕಾಗದಕ್ಕೆ ನಿನ್ನ ಸಹಿ ಹಾಕಿಸ್ಕೊಂಡ್ರಲ್ಲ, ಏನಂತ ಇತ್ತು ಅದ್ರಲ್ಲಿ?"

"ಓದ್ಲಿಲ್ಲ," ಎಂದಳು ಅವಳು.

"ಹಾಗಾದ್ರೆ ಅದೇ ಇದು," ಎಂದ ಅವನು. ಅವನ ದನಿಯಲ್ಲಿ ಅಳುವಿನ ಅಡಿಯಲ್ಲೇ ಒಂದು ಎಳೆ ಆಸೆಯೂ ಇತ್ತು. ಅದು ಅವಳಿಗೆ ಕೇಳಿಸಿತು.

*

ಹೋದ ವಾರ ಅವಳು ಕೆಲಸ ಮುಗಿಸಿ ಬಂದಾಗ ಸಂಜೆ ಆರು. ಅಡುಗೆಮನೆಯ ಮೇಜಿನ ತುಂಬ ಕಾಗದ ಹರಡಿಕೊಂಡು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಅತ್ತೆ ಕೂತಿದ್ದಳು. ಅವತ್ತೇ ಸೊಸೆಯನ್ನು ರಕ್ತಪರೀಕ್ಷೆಯ ಕೋಣೆಗೆ ಮುಖ್ಯಸ್ಥೆಯನ್ನಾಗಿ ಮಾಡಿದ್ದರು. ಹನ್ನೊಂದು ವರ್ಷ ಕಾದ ಮಾತು. ಅದನ್ನು ಹೇಳುವ ಸಂಭ್ರಮದಲ್ಲಿ ಅವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಹೌದೇನೇ!" ಅತ್ತೆ ಪೆನ್ನು ಕೆಳಗಿಟ್ಟಳು. "ಇನ್ಮೇಲೆ ಡಾಕ್ಟ್ರೂ ನಿನ್ನ ಕೇಳಿಯೇ ಮುಂದೆ ಹೋಗ್ಬೇಕು ಅನ್ನು."

"ಅಷ್ಟೇನಿಲ್ಲ ಅತ್ತೆ. ಕೋಣೆ ಬೀಗದ ಕೈ ನನ್ನ ಹತ್ರ ಇರುತ್ತೆ, ಅಷ್ಟೇ."

"ಬೀಗದ ಕೈ ಅಂದ್ರೆ ಕಮ್ಮಿಯಾ? ನಂಗಂತೂ ಇಷ್ಟು ವರ್ಷದಲ್ಲಿ ಕಚೇರಿ ಬೀಗದ ಕೈ ಕೊಟ್ಟಿಲ್ಲ, ಕಸಪೊರಕೆ ಕೊಟ್ಟಿದ್ದಾರೆ." ಅತ್ತೆ ನಕ್ಕು ಒಂದು ಹಾಳೆ ಮುಂದೆ ತಳ್ಳಿದಳು. "ಇದನ್ನ ಓದಿ, ಸರಿ ಅನ್ನಿಸಿದ್ರೆ ಸಹಿ ಹಾಕು."

"ನೀವು ಓದಿದ್ದೀರಲ್ಲ, ಸಾಕು." ಸೊಸೆ ನಿಂತಲ್ಲೇ ಬಗ್ಗಿ ಗೀಚಿದಳು.

ಅತ್ತೆ ಆ ಸಹಿಯನ್ನು ನೋಡಿದಳು. ಆಮೇಲೆ ಕನ್ನಡಕದ ಮೇಲಿಂದ ಇವಳನ್ನು ನೋಡಿದಳು.

"ಇವತ್ತು ನಿನ್ನ ಖುಷಿ ದಿನ, ಬಿಡ್ತೀನಿ. ಆದ್ರೆ ಓದದೆ ಸಹಿ ಹಾಕೋ ಚಾಳಿ ಒಳ್ಳೇದಲ್ಲ ಕಣೇ. ನಾಳೆ ಯಾವಾಗಾದ್ರೂ ಓದಿ ಹೇಳ್ತೀನಿ, ಕೂತು ಕೇಳು."

ಆ ನಾಳೆ ಬಂದಿರಲಿಲ್ಲ.

*

ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳು ಸಾಲಾಗಿದ್ದವು. ಅವನ್ನು ಸಾಲಾಗಿಸುತ್ತಿದ್ದವಳು ಕಂಡಕ್ಟರಕ್ಕ: ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಸೀಟಿ ಊದಿ, ನಿವೃತ್ತಿಯಾದ ಮೇಲೆ ಚೀಟಿಯಮ್ಮನ ಬೆನ್ನು ಹತ್ತಿ ಪಕ್ಷಕ್ಕೆ ಬಂದವಳು. ಮೈಕಿನ ಹಂಗಿಲ್ಲದ ಗಂಟಲು. "ಲಕ್ಷಗಟ್ಟಲೆ ಟಿಕೆಟ್ ಕೊಟ್ಟೋಳು ನಾನು, ನಂಗೆ ಮಾತ್ರ ಯಾರೂ ಒಂದು ಕೊಡಲ್ಲ" ಎಂಬುದು ಅವಳ ಹಳೆಯ ನಗೆಮಾತು. ಸಭೆಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾಳೆಂದು ಅಧ್ಯಕ್ಷರಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ.

ಸೊಸೆ ಬಂದು ನಿಂತಳು. ಅಧ್ಯಕ್ಷರು ಎದ್ದು ಕೈ ಮುಗಿದರು.

"ನೋಡಿಮ್ಮ, ನೀವೇನೂ ಮಾಡ್ಬೇಕಾಗಿಲ್ಲ. ಹತ್ತು ದಿನ ನಮ್ಮ ಜೊತೆ ಗಾಡೀಲಿ ನಿಂತ್ಕೊಂಡು ಕೈ ಮುಗಿದ್ರೆ ಸಾಕು. ಕಣ್ಣಲ್ಲಿ ಸ್ವಲ್ಪ ನೀರಿದ್ರೆ ಇನ್ನೂ ಒಳ್ಳೇದು. ಜನರ ಮನಸ್ಸು ಕರಗಿರುತ್ತೆ."

"ನಂಗೆ ಮಾತಾಡೋಕೆ ಬರಲ್ಲ ಸಾರ್."

"ಅದೇ ಒಳ್ಳೇದು!" ಎಂದ ಚಿಕ್ಕಮಾವ, ಬೊಚ್ಚುಬಾಯಿ ಅಗಲಿಸಿ. "ನಾನಿಲ್ವಾ? ನಿನ್ನ ಗಂಡ ಇಲ್ವಾ? ಅತ್ತಿಗೆ ಪುರಸಭೇಲಿ ಇದ್ದಾಗ ಐದು ವರ್ಷ ಎಲ್ಲಾ ನಾನೇ ನೋಡ್ಕೊಂಡಿದ್ದು. ಒಂದು ದಿನ ಆದ್ರೂ ಅವಳಿಗೆ ತೊಂದ್ರೆ ಆಯ್ತಾ?"

"ನನ್ನ ಕೆಲಸ?"

"ಬಿಟ್ರಾಯ್ತು," ಎಂದರು ಅಧ್ಯಕ್ಷರು. "ಜನರ ಸೇವೆ ಮುಂದೆ ಸೂಜಿ ಚುಚ್ಚೋ ಕೆಲಸ ಯಾವ ದೊಡ್ಡದು?"

ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಹೊಸ ಬೀಗದ ಕೈ ಅವಳ ಚೀಲದಲ್ಲೇ ಇತ್ತು. ಇನ್ನೂ ಒಂದು ವಾರ ತುಂಬಿರಲಿಲ್ಲ. ಬೇಡ ಎನ್ನೋಣವೆಂದರೆ, ಸಹಿ ತನ್ನದೇ. ಮೂವತ್ತು ವರ್ಷ ಕಾದು ಸಿಕ್ಕ ಅತ್ತೆಯ ಜಾಗವನ್ನು ಸೊಸೆಯೇ ಒದ್ದಳು ಎಂಬ ಮಾತನ್ನು ಹೊತ್ತು ಬದುಕುವುದು ಹೇಗೆ?

ದಡಾರನೆ ಒಂದು ಕುರ್ಚಿ ನೆಲಕ್ಕೆ ಕೂತಿತು.

"ಒಳಗೆ ಆ ಮಹಾತಾಯಿ ಇನ್ನೂ ಮಲಗಿದ್ದಾಳೆ," ಎಂದಳು ಕಂಡಕ್ಟರಕ್ಕ. "ಅವಳನ್ನ ಮಣ್ಣಿಗೆ ಇಡೋವರೆಗೂ ಸೀಟಿನ ಮಾತು ಬೇಡ ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ. ನೀವೂ ಹಾಕ್ಕೊಳ್ಳಿ."

"ನಿನ್ನನ್ನ ಯಾರು ಕೇಳಿದ್ರು?" ಎಂದ ಚಿಕ್ಕಮಾವ.

"ಕೇಳಲ್ಲ ಅಂತ ಗೊತ್ತಿದ್ದೇ ಹೇಳಿದ್ದು," ಎಂದು ಅವಳು ಮುಂದಿನ ಕುರ್ಚಿಗೆ ಕೈ ಹಾಕಿದಳು.

*

ಪುರಸಭೆಯ ಆ ಐದು ವರ್ಷದ ಕತೆಯನ್ನು ಅತ್ತೆ ಸೊಸೆಗೆ ಒಂದೇ ಸಲ ಹೇಳಿದ್ದಳು, ಕಾಳು ಆರಿಸುತ್ತಾ.

ಆಗ ಅವಳಿಗೆ ಮೂವತ್ತೊಂದು. ಹೆಂಗಸರಿಗೆಂದು ಮೀಸಲಾದ ವಾರ್ಡು, ನಿಲ್ಲಿಸಿದರು, ಗೆದ್ದಳು. ಸಭೆಗೆ ಹೋಗುವವನು ಮೈದುನ, ಮಾತಾಡುವವನು ಮೈದುನ. ಅವನು ಸಂಜೆ ತಂದ ಕಾಗದಗಳಿಗೆ ಒಲೆಯ ಮುಂದೆ ಕೂತು ಅವಳು ಸಹಿ ಹಾಕುವುದು. ಸಹಿಯೊಂದನ್ನು ಬಿಟ್ಟರೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳದೇ ಬೀದಿಯ ನಲ್ಲಿಯನ್ನು ಕಿತ್ತು, ಮೈದುನನ ಸ್ನೇಹಿತ ಕಟ್ಟಿಸುತ್ತಿದ್ದ ಮಳಿಗೆಯ ಮುಂದೆ ನೆಟ್ಟರು. ಕೊಡ ಹಿಡಿದ ಹೆಂಗಸರು ಬಾಗಿಲಿಗೆ ಬಂದರು. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಇವಳೂ ಹೊರಬಂದಳು: "ಯಾರು ಹೇಳಿದ್ದು ಕೀಳೋಕೆ? ನಾನು ಕೇಳ್ತೀನಿ!" ಹೆಂಗಸರಲ್ಲೊಬ್ಬಳು ಪುರಸಭೆಯಿಂದ ಕೇಳಿ ತಂದ ಹಾಳೆ ತೋರಿಸಿದಳು. ಕೆಳಗೆ ಇವಳ ಸಹಿ.

"ಬೈದಿದ್ರೆ ಸಹಿಸ್ತಿದ್ದೆ ಕಣೇ," ಎಂದಿದ್ದಳು ಅತ್ತೆ. "ಅವಳು ಬೈಲಿಲ್ಲ. 'ಪಾಪ, ಬಿಡ್ರೇ, ಇವಳಿಗೇನು ಗೊತ್ತು' ಅಂದ್ಲು. ಎಲ್ಲರೂ ತಿರುಗಿ ನೋಡದೆ ಹೋದ್ರು. ಆ 'ಪಾಪ' ಇದ್ಯಲ್ಲ, ಅದು ಇನ್ನೂ ಇಲ್ಲಿ ಕೂತಿದೆ." ಅವಳು ಎದೆ ಮುಟ್ಟಿಕೊಂಡಿದ್ದಳು.

ಮರುವಾರವೇ ರಾತ್ರಿ ಶಾಲೆ ಸೇರಿದಳು. ನಲ್ಲಿ ವಾಪಸು ಬರಲು ಎರಡು ವರ್ಷ ಹಿಡಿಯಿತು, ಅಕ್ಷರ ಕೈಗೆ ಹತ್ತಲೂ ಅಷ್ಟೇ. ಆಮೇಲೆ ಅವಳು ಬೀಡಾ ಕಟ್ಟಿದ ಕಾಗದವನ್ನೂ ಓದದೆ ಎಸೆದವಳಲ್ಲ.

*

ಎರಡೂವರೆಗೆ ಪಕ್ಷದ ಕಚೇರಿಯ ಟೈಪಿಸ್ಟು ಸೈಕಲ್ಲಿನಲ್ಲಿ ಬಂದ. ಚುನಾವಣಾ ಕಚೇರಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯ ನಕಲನ್ನು ಅಧ್ಯಕ್ಷರೇ ತರಲು ಹೇಳಿದ್ದರು. ಪತ್ರಿಕೆಯವರಿಗೆ ಕೊಡುವ ಹೇಳಿಕೆಯಲ್ಲಿ ಸೊಸೆಯ ಹೆಸರಿನ ಕಾಗುಣಿತ ತಪ್ಪಬಾರದಲ್ಲ! ಅವನು ಬೆವರು ಒರೆಸಿಕೊಂಡು ಹಾಳೆ ಬಿಚ್ಚಿದ, ಓದಿದ, ಮತ್ತೆ ಮಡಚಿದ.

"ಓದಯ್ಯ," ಎಂದರು ಅಧ್ಯಕ್ಷರು.

"ಬದಲಿ ಅಭ್ಯರ್ಥಿ..." ಅವನ ಕಣ್ಣು ಕುರ್ಚಿಗಳ ಕಡೆ ಹೊರಳಿತು. "ನಮ್ಮ ಕಂಡಕ್ಟರಕ್ಕ, ಸಾರ್."

ಅಧ್ಯಕ್ಷರು ಹಾಳೆಗೆ ಕೈ ಚಾಚಿದರು.

"ಏನು? ಪಕ್ಷದ ಪತ್ರ ಇಲ್ದೆ ಅದು ಹೇಗಾಗುತ್ತೆ? ನಾನು ಕೊಟ್ಟಿಲ್ಲ!"

"ಕೊಟ್ಟಿದ್ದೀರಿ ಸಾರ್. ನೀವು ಯಾವಾಗ್ಲೂ ಖಾಲಿ ಫಾರಮ್ಮಿಗೆ ಸಹಿ ಹಾಕಿ 'ತುಂಬ್ಕೊಳ್ಳಿ' ಅಂತೀರಲ್ಲ. ಚೀಟಿಯಮ್ಮ ತುಂಬಿದ್ದಾರೆ. ನಿಮ್ಮ ಸಹಿ, ನಿಮ್ಮ ಮೊಹರು." ಅವನು ಇನ್ನೊಂದು ಸಾಲಿಗೆ ಬೆರಳಿಟ್ಟ. "ಇವರ ಹೆಸರನ್ನ ಸೂಚಿಸಿದೋರು... ಈ ಅಕ್ಕ. ಸೊಸೆಯವರು."

ಎಲ್ಲರೂ ತಿರುಗಿ ಅವಳನ್ನು ನೋಡಿದರು. ತಾನು ಸಹಿ ಹಾಕಿದ್ದು ಏನೆಂದು ಅವಳಿಗೂ ಆಗಲೇ ತಿಳಿದದ್ದು. ಅವಳು ಹತ್ತಿರದ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕಿತು. ಪಕ್ಕದ ಮನೆಯ ಅಜ್ಜಿ ಓಡಿಬಂದು ಬೆನ್ನು ಸವರಿದಳು: "ಅಳು ತಾಯಿ, ಅಳು, ನಿನ್ನೆಯಿಂದ ಒಂದು ಹನಿ ಹಾಕಿಲ್ಲ ನೀನು." ಸೆರಗಿನೊಳಗೆ ಅವಳು ನಗುತ್ತಿದ್ದಳು. ನಗುತ್ತ ನಗುತ್ತಲೇ ನಿಜವಾದ ಅಳುವೂ ಬಂತು.

"ನಿಂಗೆ ಮೊದಲೇ ಗೊತ್ತಿತ್ತೇನೇ?" ಚಿಕ್ಕಮಾವ ಕಂಡಕ್ಟರಕ್ಕನ ಮೇಲೆ ಹರಿಹಾಯ್ದ.

"ಅರ್ಜಿ ನಂದು, ನಂಗೊತ್ತಿಲ್ದೆ ಇರುತ್ತಾ? 'ಸುಮ್ನೆ ಹೆಸರಿಗೆ ಕಣೇ, ಆದ್ರೂ ಹೆಸರು ಸರಿಯಾದವಳದ್ದೇ ಇರ್ಲಿ' ಅಂದ್ರು ಅಕ್ಕ. ನಾಳೆ ಪರಿಶೀಲನೆಗೆ ಕರೀತಾರೆ, ಆಗ ಎಲ್ರಿಗೂ ಗೊತ್ತಾಗುತ್ತೆ ಅಂತ ಇದ್ದೆ." ಅವಳ ದೊಡ್ಡ ದನಿ ಮೊದಲ ಸಲ ತಗ್ಗಿತು. "ಅಕ್ಕ ಎದ್ದು ಬರೋದಾದ್ರೆ ಈಗ್ಲೇ ಹರಿದು ಹಾಕ್ತೀನಿ ಅದನ್ನ."

ಅಧ್ಯಕ್ಷರು ಒಂದು ಲೋಟ ನೀರು ಕುಡಿದರು. ರಾಜಕೀಯದಲ್ಲಿ ಪಳಗಿದ ಹುಲಿ. ಲೋಟ ಕೆಳಗಿಡುವಷ್ಟರಲ್ಲಿ ದಾರಿ ಕಂಡಿತ್ತು. ಕೆಮ್ಮಿ ಎದ್ದುನಿಂತು, "ದುಡಿಯುವ ಹೆಣ್ಣುಮಗಳೊಬ್ಬಳನ್ನ ಮುಂದೆ ತರಬೇಕು ಅನ್ನೋದು ಬಹಳ ದಿನದಿಂದ ನನ್ನ ಮನಸ್ಸಿನಲ್ಲೂ ಇತ್ತು," ಎಂದರು.

"ಹೌದೌದು, ಅದಕ್ಕೇ ಓದದೇನೇ ಸಹಿ ಹಾಕಿದ್ದು," ಎಂದಳು ಅಜ್ಜಿ.

ನಗುವ ದಿನವಲ್ಲ. ಆದರೂ ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಗಂಡ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

"ಅಮ್ಮ ನನ್ನ ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರೆ ಯಾರ ಹೆಸರು ಹೇಳ್ತಿದ್ರಿ?"

"ನಿಂದೇ," ಎಂದ.

"ಅದಕ್ಕೇ ಕೇಳ್ಲಿಲ್ಲ."

ಅವನು ತಲೆಯಾಡಿಸಿದ. "ಬೀಗದ ಕೈ ಎಲ್ಲಿಟ್ಟಿದ್ದೀಯಾ? ಈ ಗದ್ದಲದಲ್ಲಿ ಕಳ್ದೀತು," ಎಂದ.

*

ಮಣ್ಣು ಹಾಕಿ ಮುಗಿದಾಗ ಐದು ಗಂಟೆ. ಸ್ಮಶಾನದ ಬಾಗಿಲಲ್ಲಿದ್ದ ಪುಟ್ಟ ಕೋಣೆಯಲ್ಲಿ ಗುಮಾಸ್ತ ಉದ್ದನೆಯ ಪುಸ್ತಕ ತಿರುಗಿಸಿ ಸೊಸೆಯ ಮುಂದೆ ತಳ್ಳಿದ.

"ಇಲ್ಲೊಂದು ಸಹಿ ಹಾಕಿಮ್ಮ, ಎಲ್ಲಾ ತುಂಬಿದ್ದೀನಿ."

ಅವಳು ಪೆನ್ನು ತೆಗೆದುಕೊಂಡಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲು ಎಳೆದು ಕೂತಳು.

"ಹೊರಗೆ ಬಸ್ಸು ಕಾಯ್ತಿದೆ," ಎಂದು ಅಧ್ಯಕ್ಷರು ಕಿಟಕಿಯಲ್ಲಿ ಇಣುಕಿದರು.

"ಕಾಯ್ಲಿ ಬಿಡಿ ಸಾರ್!" ಬಸ್ಸಿನ ಮೆಟ್ಟಿಲ ಮೇಲಿಂದ ಕಂಡಕ್ಟರಕ್ಕನ ದನಿ ಬಂತು. "ನಾನು ಸೀಟಿ ಊದೋವರೆಗೂ ಹೊರಡಲ್ಲ ಅದು."

ಸೊಸೆ ಮೇಲಿನಿಂದ ಓದಿದಳು. ಹೆಸರು, ಸರಿ. ವಯಸ್ಸು, ಸರಿ. ಉದ್ಯೋಗ ಎಂಬಲ್ಲಿ ಗುಮಾಸ್ತ 'ಮನೆಗೆಲಸ' ಎಂದು ಬರೆದಿದ್ದ. ಅವಳು ಅದರ ಮೇಲೆ ನೇರವಾಗಿ ಒಂದು ಗೆರೆ ಎಳೆದಳು, ಪಕ್ಕದಲ್ಲಿ 'ರಾಜಕಾರಣ' ಎಂದು ದುಂಡಗೆ ಬರೆದಳು.

ಹಳೆಯ ಪೆನ್ನು ಸೋರುತ್ತಿತ್ತು. ಅವಳ ನಡುಬೆರಳಿಗೆ ನೀಲಿ ಹತ್ತಿತು. ಗುಮಾಸ್ತ ಒರೆಸಿಕೊಳ್ಳಲು ಒಂದು ಬಟ್ಟೆ ಚಾಚಿದ.

"ಇರಲಿ," ಎಂದು ಅವಳು ಮುಂದಿನ ಸಾಲಿಗೆ ಬೆರಳಿಟ್ಟಳು.